ಗಾಜನೂರಿನ ಮುತ್ತುರಾಜ, ಸಿಐಡಿ 999: ನಿಮ್ಮ ಎರಡು ಪುಟಕ್ಕೆ ತಿದ್ದುಪಡಿ

ಪ್ರಶ್ನೆ: ನಮ್ಮದು ತಾಳವಾಡಿ ಹತ್ತಿರದ ಕನ್ನಡ ಮಾಧ್ಯಮ ಶಾಲೆ. ರಾಜ್‌ಕುಮಾರ್ ನಮ್ಮ ಗಾಜನೂರಿನವರು ಅನ್ನೋದು ಮಕ್ಕಳಿಗೆ ಗೊತ್ತು. ಅವರು ಕನ್ನಡದ ಜೇಮ್ಸ್ ಬಾಂಡ್ ಆಗಿದ್ದರು ಅಂದರೆ ಮಾತ್ರ ನಗುತ್ತಾರೆ. ಶಾಲೆಯಲ್ಲಿ 15 ನಿಮಿಷದ ಭಾಷಣ, ಒಂದು ಭಿತ್ತಿಪತ್ರಿಕೆ, ಒಂದು ಸಿನಿಮಾ ಪ್ರದರ್ಶನ ಇಟ್ಟುಕೊಂಡಿದ್ದೇವೆ. ಸಿಐಡಿ 999 ಚಿತ್ರಗಳು ಒಟ್ಟು ಎಷ್ಟು, ಯಾವುದು ಮೊದಲು? ಕಣ್ಣಪ್ಪ, ಹರಿಶ್ಚಂದ್ರ ಆಗಿದ್ದವರು ಗೂಢಚಾರರಾದದ್ದು ಹೇಗೆ? ಮತ್ತೆ ಅದನ್ನು ಬಿಟ್ಟದ್ದೇಕೆ? ನಾವು ಬರೆದ ಎರಡು ಪುಟ ಜೊತೆಗಿದೆ. ತಪ್ಪಿದ್ದರೆ ತಿದ್ದಿಕೊಡಿ.

ಉತ್ತರ: ಮೊದಲು ಲೆಕ್ಕ ಮುಗಿಸೋಣ. ರಾಜ್‌ಕುಮಾರ್ ಸಿಐಡಿ 999 ಎಂಬ ಗೂಢಚಾರನಾಗಿ ನಟಿಸಿದ ಚಿತ್ರಗಳು ನಾಲ್ಕು. ಜೇಡರ ಬಲೆ (1968), ಗೋವಾದಲ್ಲಿ ಸಿಐಡಿ 999 (1968), ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999 (1969), ಆಪರೇಷನ್ ಡೈಮಂಡ್ ರಾಕೆಟ್ (1978). ನಾಲ್ಕನ್ನೂ ನಿರ್ದೇಶಿಸಿದವರು ದೊರೈ–ಭಗವಾನ್ ಜೋಡಿ. ನಾಲ್ಕಕ್ಕೂ ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಮೊದಲ ಮೂರು ಕಪ್ಪು–ಬಿಳುಪು, ಕೊನೆಯದು ಬಣ್ಣದ್ದು.

ನಿಮ್ಮ ಪುಟದಲ್ಲಿ ಐದು ಎಂದು ಬರೆದಿದ್ದೀರಿ. ಐದನೆಯದಾಗಿ ಸೇರಿಕೊಂಡಿರುವುದು 1970ರ ಸಿಐಡಿ ರಾಜಣ್ಣ. ಅದರಲ್ಲೂ ರಾಜ್‌ಕುಮಾರ್ ಅವರೇ ನಾಯಕ, ಹೆಸರಿನಲ್ಲೂ ಸಿಐಡಿ ಇದೆ. ಆದರೆ ಅದು 999ರ ಸಾಲಿಗೆ ಸೇರಿದ್ದಲ್ಲ, ದೊರೈ–ಭಗವಾನ್ ಅವರದೂ ಅಲ್ಲ. ಅದನ್ನು ತೆಗೆಯಿರಿ. ಇದರ ತದ್ವಿರುದ್ಧ ತಪ್ಪನ್ನೂ ಹಲವರು ಮಾಡುತ್ತಾರೆ: ಡೈಮಂಡ್ ರಾಕೆಟ್‌ನ ಹೆಸರಿನಲ್ಲಿ ಅಂಕಿಯಿಲ್ಲವೆಂದು ಅದನ್ನು ಬಿಟ್ಟು ಮೂರೇ ಎಂದು ಎಣಿಸುತ್ತಾರೆ.

ಇಸವಿಗಳು ಒಂದೊಂದು ಕಡೆ ಒಂದೊಂದು ಥರ ಕಾಣುತ್ತವೆ ಎಂದು ಕೇಳಿದ್ದೀರಿ. ಚಿತ್ರದ ಆರಂಭದಲ್ಲಿ ತೋರಿಸುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಒಂದು ತಾರೀಖು ಇರುತ್ತದೆ. ತೆರೆ ಕಂಡ ತಾರೀಖು ಬೇರೆ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ಬಿಡುಗಡೆಯಾದರೆ ಒಬ್ಬರು ಹಳೇ ಇಸವಿ ಬರೆಯುತ್ತಾರೆ, ಇನ್ನೊಬ್ಬರು ಹೊಸದು. ಅಂತರ್ಜಾಲದಲ್ಲಿ ಸಿಗುವ ಪ್ರತಿಗಳಲ್ಲಿ ಆ ಪ್ರಮಾಣಪತ್ರದ ತುಣುಕನ್ನೇ ಕತ್ತರಿಸಿರುತ್ತಾರೆ, ಹಾಗಾಗಿ ನೋಡಿ ತಿದ್ದಿಕೊಳ್ಳುವ ದಾರಿಯೂ ಇರುವುದಿಲ್ಲ. ಬಿಡುಗಡೆಯ ವರ್ಷಕ್ಕೆ ಗಟ್ಟಿ ಸಾಕ್ಷಿ ಆ ದಿನಗಳ ಪತ್ರಿಕೆಯಲ್ಲಿ ಬಂದ ಚಿತ್ರಮಂದಿರದ ಜಾಹೀರಾತು. ನಿಮ್ಮ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಮೇಲಿನ ನಾಲ್ಕು ಇಸವಿ ಸಾಕು.

ಇನ್ನು ಹುಟ್ಟಿದ ಊರಿನ ವಿಷಯ. ನಿಮ್ಮ ಶಾಲೆಗೆ ಇದು ಮನೆಯಂಗಳದ ವಿಷಯ, ಇಲ್ಲಿ ತಪ್ಪಾದರೆ ಊರಿನವರೇ ಎದ್ದು ನಿಲ್ಲುತ್ತಾರೆ. ‘1929ರ ಏಪ್ರಿಲ್ 24ರಂದು ಈರೋಡ್ ಜಿಲ್ಲೆಯ ಗಾಜನೂರಿನಲ್ಲಿ ಜನನ’ ಎಂದು ಬರೆದಿದ್ದೀರಿ. ತಾರೀಖು ಸರಿ, ಊರು ಸರಿ, ಜಿಲ್ಲೆ ಮಾತ್ರ ಇಂದಿನದು. ಆಗ ಈರೋಡ್ ಜಿಲ್ಲೆಯೇ ಇರಲಿಲ್ಲ. ಗಾಜನೂರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ‘ಅಂದಿನ ಕೊಯಮತ್ತೂರು ಜಿಲ್ಲೆಯ, ಇಂದು ತಾಳವಾಡಿ ತಾಲ್ಲೂಕಿನಲ್ಲಿರುವ ಗಾಜನೂರು’ ಎಂದು ಬರೆದರೆ ಯಾರೂ ಬೆರಳು ತೋರಿಸಲಾರರು. ತಂದೆ ಪುಟ್ಟಸ್ವಾಮಯ್ಯನವರ ಊರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು; ರಾಜ್‌ಕುಮಾರ್ ಅವರ ಮೊದಲ ಹೆಸರು ‘ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ’, ಅದರಲ್ಲಿನ ಸಿಂಗಾನಲ್ಲೂರು ಬಂದದ್ದು ಅಲ್ಲಿಂದ. ಕೊಳ್ಳೇಗಾಲವೂ ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅಪ್ಪನ ಊರು ಒಂದು ರಾಜ್ಯಕ್ಕೆ, ಹುಟ್ಟಿದ ಊರು ಇನ್ನೊಂದು ರಾಜ್ಯಕ್ಕೆ. ನಿಮ್ಮ ಮಕ್ಕಳಲ್ಲಿ ಎಷ್ಟೋ ಜನರ ನೆಂಟಸ್ತಿಕೆಯೂ ಹೀಗೇ ಗಡಿಯ ಎರಡೂ ಬದಿಗೆ ಹರಡಿರುತ್ತದೆ, ಹೇಳಿದರೆ ತಕ್ಷಣ ಅರ್ಥವಾಗುತ್ತದೆ.

ಭಿತ್ತಿಪತ್ರಿಕೆಗೆ ನಕ್ಷೆ ಅಂಟಿಸುವ ಮಕ್ಕಳಿಗೆ ಎರಡು ಎಚ್ಚರಿಕೆ. ತುಂಗಾ ಅಣೆಕಟ್ಟೆ ಇರುವ ಇನ್ನೊಂದು ಗಾಜನೂರು ಶಿವಮೊಗ್ಗದ ಹತ್ತಿರವಿದೆ, ಮೊಬೈಲಿನಲ್ಲಿ ಹುಡುಕಿದರೆ ಮೊದಲು ಅದೇ ಬರುತ್ತದೆ. ಕೊಯಮತ್ತೂರು ನಗರದೊಳಗೆ ಒಂದು ಸಿಂಗಾನಲ್ಲೂರು ಇದೆ, ಅದಕ್ಕೂ ಈ ಮನೆತನಕ್ಕೂ ಸಂಬಂಧವಿಲ್ಲ. ಎರಡೂ ತಪ್ಪುಗಳು ಅಚ್ಚಾದ ಬರಹಗಳಲ್ಲೇ ನುಸುಳಿವೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಬರಹದಲ್ಲಿ ‘ಪೌರಾಣಿಕ ಪಾತ್ರಗಳನ್ನು ಬಿಟ್ಟು ಇದ್ದಕ್ಕಿದ್ದಂತೆ ಗೂಢಚಾರರಾದರು’ ಎಂಬ ಸಾಲಿದೆ. ಭಾಷಣದ ಬೆನ್ನೆಲುಬೇ ಈ ಸಾಲು, ಮತ್ತು ನಮ್ಮ ಪ್ರಕಾರ ಇದೇ ದೊಡ್ಡ ತಪ್ಪು. ಇದ್ದಕ್ಕಿದ್ದಂತೆ ಏನೂ ಆಗಲಿಲ್ಲ, ಏನನ್ನೂ ಬಿಡಲೂ ಇಲ್ಲ.

ಮುತ್ತುರಾಜ ಬೆಳೆದದ್ದು ನಾಟಕ ಕಂಪನಿಯಲ್ಲಿ. ತಂದೆ ಗುಬ್ಬಿ ವೀರಣ್ಣನವರ ಕಂಪನಿಯ ನಟರು, ರೌದ್ರ ಪಾತ್ರಗಳಿಗೆ ಹೆಸರಾದವರು. ಎಳವೆಯಲ್ಲೇ ಶಾಲೆ ಬಿಟ್ಟ ಹುಡುಗ ಅದೇ ರಂಗಕ್ಕೆ ಬಂದ. ಕಂಪನಿಯಲ್ಲಿ ಚಿಕ್ಕ ನಟನಿಗೆ ಒಂದೇ ಪಾತ್ರ ಅಂತ ಇರುವುದಿಲ್ಲ. ಒಂದೇ ರಾತ್ರಿ ಬಾಗಿಲು ಕಾಯುವವನಾಗಿ ಬಂದು, ಋಷಿಯಾಗಿ ಹೋಗಿ, ಕಡೆಗೆ ಗುಂಪಿನಲ್ಲಿ ನಿಲ್ಲಬೇಕು. ಸೈಡ್‌ವಿಂಗಿನ ಹಿಂದೆ ಮುಖದ ಬಣ್ಣ ಒರೆಸಿ ಬೇರೆ ಬಣ್ಣ ಹಚ್ಚಿಕೊಳ್ಳುವಷ್ಟರಲ್ಲಿ ನಡಿಗೆಯೂ ಬದಲಾಗಬೇಕು, ದನಿಯೂ ಬದಲಾಗಬೇಕು. ಮೈಕು ಇಲ್ಲದ ದಿನಗಳಲ್ಲಿ ಕೊನೇ ಸಾಲಿನ ಚಾಪೆಯವರೆಗೂ ಮಾತು ಮುಟ್ಟಬೇಕು. ವೇಷ ಮರೆಸಿಕೊಂಡು ಶತ್ರುವಿನ ಅಡ್ಡೆಗೆ ನುಗ್ಗುವ ಪಾತ್ರಕ್ಕೆ ಬೇಕಾದ ತಾಲೀಮು ಇದೇ ಅಲ್ಲವೇ? ಗೂಢಚಾರನ ಚಿತ್ರ ಹೊರಗಿನಿಂದ ನೋಡಿದರೆ ಹೊಸದು, ಒಳಗೆ ಅದು ಕಂಪನಿ ನಟನಿಗೆ ಪಳಗಿದ ಕೆಲಸ.

1952ರ ಶ್ರೀ ಶ್ರೀನಿವಾಸ ಕಲ್ಯಾಣದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಸಣ್ಣ ಪಾತ್ರ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಬೇಡರ ಕಣ್ಣಪ್ಪಕ್ಕೆ ಆರಿಸಿಕೊಂಡು ರಾಜ್‌ಕುಮಾರ್ ಎಂದು ಹೆಸರಿಟ್ಟರು. ಅದೇ ಕಥೆಯ ತೆಲುಗು ರೂಪ ಕಾಳಹಸ್ತಿ ಮಹಾತ್ಮ್ಯಂ, ಅವರು ನಾಯಕರಾಗಿ ನಟಿಸಿದ ಕನ್ನಡೇತರ ಚಿತ್ರ ಅದೊಂದೇ. ಅಲ್ಲಿಂದ 1968ಕ್ಕೆ ಹದಿನಾಲ್ಕು ವರ್ಷ. ಅಷ್ಟರಲ್ಲಿ ಕನಕದಾಸ, ರಣಧೀರ ಕಂಠೀರವ, ಹರಿಶ್ಚಂದ್ರ, ಮಂತ್ರಾಲಯದ ರಾಘವೇಂದ್ರರು, ಇಮ್ಮಡಿ ಪುಲಿಕೇಶಿ ಎಲ್ಲವೂ ಆಗಿತ್ತು. ಜೊತೆಜೊತೆಗೇ ಕುರುಡು ಗಾಯಕ, ಶಾಲಾ ಮೇಷ್ಟ್ರು, ಎಮ್ಮೆ ಕಾಯುವವನಂಥ ಸಾಮಾಜಿಕ ಪಾತ್ರಗಳೂ ಬಂದು ಹೋಗಿದ್ದವು.

1968ನ್ನು ಭಾಷಣದಲ್ಲಿ ಸ್ವಲ್ಪ ನಿಧಾನವಾಗಿ ಹೇಳಿ. ಆ ಒಂದೇ ವರ್ಷ ಅವರ ಒಂದು ಡಜನ್‌ಗೂ ಹೆಚ್ಚು ಚಿತ್ರಗಳು ಬಂದವು. ನೂರನೆಯ ಚಿತ್ರವೆಂದು ಲೆಕ್ಕ ಹಾಕುವ ಭಾಗ್ಯದ ಬಾಗಿಲು ಅದೇ ವರ್ಷದ್ದು. ಕಾದಂಬರಿ ಆಧರಿಸಿದ ಹಣ್ಣೆಲೆ ಚಿಗುರಿದಾಗ ಅದೇ ವರ್ಷ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಮಣ್ಣಿನ ಮಗ ಅದೇ ವರ್ಷ. ಅವುಗಳ ನಡುವೆಯೇ ಜೇಡರ ಬಲೆ, ಅದರ ಬೆನ್ನಿಗೇ ಗೋವಾದಲ್ಲಿ ಸಿಐಡಿ 999. ಒಂದು ತಿಂಗಳು ಪಂಚೆ ಉಟ್ಟು ನೇಗಿಲು ಹಿಡಿದವರು ಇನ್ನೊಂದು ತಿಂಗಳು ಸೂಟು ತೊಟ್ಟು ಪಿಸ್ತೂಲು ಹಿಡಿಯುತ್ತಿದ್ದರು. ಆಗ ಅವರಿಗೆ 39 ವರ್ಷ. ಮಕ್ಕಳಿಗೆ ಹೋಲಿಕೆ ಬೇಕಾದರೆ: ಶಾನ್ ಕಾನರಿ 1962ರಲ್ಲಿ ಮೊದಲ ಬಾಂಡ್ ಚಿತ್ರ ಡಾಕ್ಟರ್ ನೋ ಬಂದಾಗ 32ರವರು, ರೋಜರ್ ಮೂರ್ 1973ರಲ್ಲಿ ಬಾಂಡ್ ಆದಾಗ 45ರವರು. ನಮ್ಮ 999 ಅವರಿಬ್ಬರ ನಡುವಿನ ವಯಸ್ಸಿನಲ್ಲಿ ಶುರುವಾದವರು.

‘ಭಾರತದ ಮೊಟ್ಟಮೊದಲ ಜೇಮ್ಸ್ ಬಾಂಡ್’ ಎಂಬ ಶೀರ್ಷಿಕೆಯನ್ನು ದಯವಿಟ್ಟು ಕೈಬಿಡಿ. ತೆಲುಗಿನಲ್ಲಿ ಕೃಷ್ಣ ಅವರ ಗೂಢಚಾರಿ 116 ಬಂದದ್ದು 1966ರಲ್ಲಿ. ಅದರ ಹಿಂದಿ ರೂಪ, ಜಿತೇಂದ್ರ ನಟಿಸಿದ ಫರ್ಜ್, 1967ರಲ್ಲಿ. ತಮಿಳಿನಲ್ಲಿ ಜೈಶಂಕರ್ ಅವರನ್ನು ‘ತೆನ್ನಗತ್ತು ಜೇಮ್ಸ್ ಬಾಂಡ್’ (ದಕ್ಷಿಣದ ಜೇಮ್ಸ್ ಬಾಂಡ್) ಎಂದೇ ಕರೆಯುತ್ತಿದ್ದರು, ನಿಮ್ಮ ಶಾಲೆಯ ತಮಿಳು ಮೇಷ್ಟ್ರು ಸಭೆಯಲ್ಲೇ ಇದನ್ನು ನೆನಪಿಸಿದರೆ ಮುಜುಗರ ನಿಮಗೆ. 1968ರ ಜನವರಿಯಲ್ಲಿ ಎಂಜಿಆರ್ ಅವರ ರಹಸಿಯ ಪೊಲೀಸ್ 115 ತೆರೆಗೆ ಬಂತು. ಅದರ ನಿರ್ದೇಶಕರು ಬಿ.ಆರ್. ಪಂತುಲು, ಕಿತ್ತೂರು ಚೆನ್ನಮ್ಮದಲ್ಲಿ ರಾಜ್‌ಕುಮಾರ್ ಅವರನ್ನು ನಿರ್ದೇಶಿಸಿದ ಅದೇ ನಮ್ಮ ಪಂತುಲು. ಅಂದರೆ 116, 115, 999 ಎಲ್ಲವೂ ಎರಡು–ಮೂರು ವರ್ಷದೊಳಗೆ ದಕ್ಷಿಣದ ತೆರೆಗಳ ಮೇಲೆ ಓಡಾಡುತ್ತಿದ್ದವು. ‘ಕನ್ನಡದಲ್ಲಿ ಬಾಂಡ್ ಮಾದರಿಯ ಮೊದಲ ಚಿತ್ರಮಾಲೆ’ ಎಂದು ಬರೆಯಿರಿ. ಹೆಗ್ಗಳಿಕೆಗೆ ಅಷ್ಟು ಸಾಕು, ಅದು ನಿಜವೂ ಹೌದು.

ಕನ್ನಡದಲ್ಲಿ ಇದಕ್ಕೆ ನೆಲ ಹದವಾಗಿತ್ತು. ಎನ್. ನರಸಿಂಹಯ್ಯನವರ ಕಾದಂಬರಿಗಳ ಪತ್ತೇದಾರ ಪುರುಷೋತ್ತಮ ಅಷ್ಟರಲ್ಲಾಗಲೇ ಮನೆಮನೆಯ ಹೆಸರು. ಇಂಗ್ಲಿಷ್ ಬಾಂಡ್ ಚಿತ್ರಗಳು ಬೆಂಗಳೂರು, ಮದ್ರಾಸಿನಂಥ ಊರುಗಳ ಕೆಲವೇ ಚಿತ್ರಮಂದಿರಗಳಿಗೆ ಬರುತ್ತಿದ್ದವು, ಚಾಮರಾಜನಗರದ ಪ್ರೇಕ್ಷಕನಿಗೆ ಅವು ದೂರ. ಡಬ್ಬಿಂಗ್ ವಿರೋಧಿ ಚಳವಳಿಯಿಂದಾಗಿ 1960ರ ದಶಕದಲ್ಲಿ ಬೇರೆ ಭಾಷೆಯ ಚಿತ್ರಗಳು ಕನ್ನಡದ ಮಾತು ಹೊತ್ತು ಬರುವುದು ನಿಂತುಹೋಗಿತ್ತು. ಆ ಥರದ ಚಿತ್ರ ಕನ್ನಡದಲ್ಲಿ ಬೇಕೆಂದರೆ ಇಲ್ಲೇ ಮಾಡಬೇಕಿತ್ತು. ದೊರೈ–ಭಗವಾನ್ ಮಾಡಿದ್ದು ಅದನ್ನೇ. ಬಿ. ದೊರೈರಾಜ್ ಮೂಲತಃ ಛಾಯಾಗ್ರಾಹಕರು, ಎಸ್.ಕೆ. ಭಗವಾನ್ ಕಥೆ–ನಿರ್ವಹಣೆಯ ಕಡೆಯವರು. ರಾತ್ರಿ, ನೆರಳು, ಹೊಗೆ, ನೆಲಮಾಳಿಗೆ ಇವೇ ಬಂಡವಾಳವಾದ ಕಪ್ಪು–ಬಿಳುಪು ಚಿತ್ರಕ್ಕೆ ಬೆಳಕು ಬಲ್ಲವರೊಬ್ಬರು ನಿರ್ದೇಶನದಲ್ಲೇ ಇದ್ದರೆ ಅರ್ಧ ಖರ್ಚು ಉಳಿಯುತ್ತದೆ.

ಖರ್ಚಿನ ಮಾತು ಬಂದದ್ದರಿಂದ ಒಂದು ಸಂಗತಿ. ಬಾಂಡ್ ಚಿತ್ರವೆಂದರೆ ಪ್ರತಿ ಸಲವೂ ಹೊಸ ದೇಶ. ಕನ್ನಡ ನಿರ್ಮಾಪಕನಿಗೆ ಅದು ಆಗದ ಮಾತು. 1961ರ ಡಿಸೆಂಬರಿನಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗಿನ್ನೂ ಏಳು ವರ್ಷ ತುಂಬಿರಲಿಲ್ಲ. ಅಲ್ಲಿನ ಚರ್ಚು, ಮನೆ, ಕಡಲ ದಂಡೆ ನಮ್ಮವರ ಕಣ್ಣಿಗೆ ವಿದೇಶದಂತೆಯೇ ಕಾಣುತ್ತಿದ್ದವು, ಹೋಗುವುದಕ್ಕೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ಹತ್ತು ವರ್ಷದ ಮೇಲೆ ಡೈಮಂಡ್ ರಾಕೆಟ್ ನೇಪಾಳಕ್ಕೆ ಹೋದದ್ದರ ಹಿಂದೆಯೂ ಇದೇ ಲೆಕ್ಕ ಇದ್ದಿರಬೇಕು. ಭಾರತೀಯರಿಗೆ ವೀಸಾ ಬೇಡದ ಪರದೇಶ ಅದು.

‘ಸಿಐಡಿ ಅಂದರೆ ಪೊಲೀಸ್, ಅವರು ಗೂಢಚಾರ ಹೇಗಾಗುತ್ತಾರೆ’ ಎಂದು ಒಬ್ಬ ಹುಡುಗಿ ಕೇಳಿದಳೆಂದು ಬರೆದಿದ್ದೀರಿ. ಜಾಣ ಪ್ರಶ್ನೆ. ಸಿಐಡಿ ರಾಜ್ಯ ಪೊಲೀಸಿನ ಅಪರಾಧ ತನಿಖಾ ವಿಭಾಗ. ಹೊರದೇಶದ ಗುಪ್ತಚರ ಕೆಲಸಕ್ಕೆಂದೇ ಭಾರತ ಸರ್ಕಾರ ‘ರಾ’ ಸಂಸ್ಥೆ ಕಟ್ಟಿದ್ದು 1968ರ ಸೆಪ್ಟೆಂಬರಿನಲ್ಲಿ, ಜೇಡರ ಬಲೆಯ ವರ್ಷದಲ್ಲೇ. ಜನಕ್ಕೆ ಅದರ ಹೆಸರು ಗೊತ್ತಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಆಗಿನ ಪ್ರೇಕ್ಷಕನಿಗೆ ಮಫ್ತಿಯಲ್ಲಿ ಬಂದು ಗುಟ್ಟು ಪತ್ತೆ ಮಾಡುವವನು ಎಂದರೆ ಸಿಐಡಿಯೇ.

ಸಹ ಕಲಾವಿದರ ವಿಷಯದಲ್ಲಿ ನೀವು ಬರೆದದ್ದು ಬಹುಪಾಲು ಸರಿಯಿದೆ. ಜೇಡರ ಬಲೆಯಲ್ಲಿ ಜಯಂತಿ, ಗೋವಾದಲ್ಲಿ ಲಕ್ಷ್ಮಿ, ಜಾಕ್‌ಪಾಟ್‌ನಲ್ಲಿ ರೇಖಾ, ಡೈಮಂಡ್ ರಾಕೆಟ್‌ನಲ್ಲಿ ಪದ್ಮಪ್ರಿಯ. ಲಕ್ಷ್ಮಿಯವರ ಮೊದಲ ಕನ್ನಡ ಚಿತ್ರ ಗೋವಾದಲ್ಲಿ ಸಿಐಡಿ 999. ರೇಖಾ ಎಂದರೆ ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರಾದ ಅದೇ ರೇಖಾ, ಜೆಮಿನಿ ಗಣೇಶನ್ ಅವರ ಮಗಳು. ನಾಯಕಿಯಾಗಿ ಅವರ ಮೊದಲ ಚಿತ್ರ ಕನ್ನಡದ ಈ 999. ಹಿಂದಿಯ ಸಾವನ್ ಭಾದೋಂ ಅದರ ಮರುವರ್ಷದ್ದು. ತಮಿಳು ಮನೆಮಾತಿನ ಮಕ್ಕಳೂ ನಿಮ್ಮಲ್ಲಿ ಇರುವುದರಿಂದ ಈ ಎರಡು ಹೆಸರು ಭಿತ್ತಿಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿರಲಿ. ನರಸಿಂಹರಾಜು ಅವರ ಹಾಸ್ಯವನ್ನು ‘ಮಧ್ಯೆ ತುರುಕಿದ್ದು’ ಎಂದಿದ್ದೀರಿ, ಅಷ್ಟು ಬಿರುಸಾಗಿ ಬರೆಯುವುದು ಬೇಡ. ಅವರೂ ಕಂಪನಿ ನಾಟಕದಿಂದ ಬಂದವರು, ರಾಜ್‌ಕುಮಾರ್ ಜೊತೆಗೇ ಬೇಡರ ಕಣ್ಣಪ್ಪದಲ್ಲಿ ಚಿತ್ರರಂಗಕ್ಕೆ ಕಾಲಿಟ್ಟವರು. ಇಬ್ಬರ ನಡುವಿನ ಮಾತಿನ ಏಟು–ತಿರುಗೇಟು ರಂಗದ ಮೇಲೆ ಪಳಗಿದ ಕಾಲಮಾನದ್ದು. ಗಂಭೀರ ತನಿಖೆಯ ನಡುವೆ ಅದು ಬಂದಾಗ ಕಥೆ ನಿಲ್ಲುತ್ತದೆ ನಿಜ, ಆದರೆ ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತವರು ದುಡ್ಡು ಕೊಟ್ಟದ್ದು ಅದಕ್ಕೂ ಸೇರಿಸಿಯೇ.

ಹಾಡಿನ ಬಗ್ಗೆ ಒಂದು ಗಟ್ಟಿ ತಪ್ಪಿದೆ. ‘ನಾಲ್ಕೂ ಚಿತ್ರಗಳಲ್ಲಿ ರಾಜ್ ತಾವೇ ಹಾಡಿದರು’ ಎಂದಿದ್ದೀರಿ. ಇಲ್ಲ. 1968–69ರಲ್ಲಿ ತೆರೆಯ ಮೇಲಿನ ರಾಜ್‌ಕುಮಾರ್‌ಗೆ ದನಿ ಪಿ.ಬಿ. ಶ್ರೀನಿವಾಸ್. ನಡುವೆ ಅಪರೂಪಕ್ಕೆ ಹಾಡಿದ್ದುಂಟು, ಆದರೆ ರಾಜ್ ಕಾಯಂ ಗಾಯಕರಾದದ್ದು 1974ರ ಸಂಪತ್ತಿಗೆ ಸವಾಲ್‌ನ ‘ಯಾರೇ ಕೂಗಾಡಲಿ’ ಹಾಡಿನಿಂದ. ಆ ಹಾಡಿನ ಸಂಗೀತವೂ ಜಿ.ಕೆ. ವೆಂಕಟೇಶ್ ಅವರದೇ. ಹಾಗಾಗಿ ನಾಲ್ಕರಲ್ಲಿ ಡೈಮಂಡ್ ರಾಕೆಟ್‌ನಲ್ಲಿ ಮಾತ್ರ ಗೂಢಚಾರನ ದನಿ, ಹಾಡು ಎರಡೂ ಒಬ್ಬರದೇ. ನಿಮ್ಮ ಮಕ್ಕಳು ಮೊಬೈಲಿನಲ್ಲಿ ನೋಡಿ ನಕ್ಕಿರುವ ‘ಇಫ್ ಯು ಕಮ್ ಟುಡೇ’ ಇದೇ ಚಿತ್ರದ್ದು. ನಗುವುದಕ್ಕೆ ಬಿಡಿ, ಆಮೇಲೆ ಕಣ್ಣು ಮುಚ್ಚಿಸಿ ಒಮ್ಮೆ ಕೇಳಿಸಿ. ಇಂಗ್ಲಿಷಿನ ಒಂದೊಂದು ಪದವನ್ನೂ ಕನ್ನಡದ ಅಕ್ಷರದ ಹಾಗೆ ಬಿಡಿಬಿಡಿಯಾಗಿ ನುಂಗದೆ ಉಚ್ಚರಿಸುತ್ತಾರೆ. ಗಡಿಯಾರದ ‘ಟಿಕ್ ಟಿಕ್’ ಬರುವಲ್ಲಿ ಲಯ ಒಂದಿಷ್ಟೂ ಜಾರುವುದಿಲ್ಲ, ಮಾತು ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಕಂದಪದ್ಯ ಹಾಡಿ ಬೆಳೆದ ಕಂಠ ಅದು. ಆಗ ಅವರಿಗೆ 49ರ ಸುಮಾರು.

ಇನ್ನು, ಬಿಟ್ಟದ್ದೇಕೆ? ಎರಡು ವರ್ಷದಲ್ಲಿ ಮೂರು ಚಿತ್ರ, ಆಮೇಲೆ ಒಂಬತ್ತು ವರ್ಷ ಖಾಲಿ, ಮತ್ತೆ ಒಂದು, ಅಲ್ಲಿಗೆ ಮುಗಿಯಿತು. ಚಿತ್ರಗಳು ಸೋತದ್ದರಿಂದ ಎಂದು ನೀವು ಊಹಿಸಿದ್ದೀರಿ. ಸೋತ ಚಿತ್ರಕ್ಕೆ ಅದೇ ವರ್ಷ ಎರಡನೆಯದು, ಮರುವರ್ಷ ಮೂರನೆಯದು ಯಾರೂ ತೆಗೆಯುವುದಿಲ್ಲ. ಬದಲಾದದ್ದು ಬೇರೆ. ಮೊದಲನೆಯದಾಗಿ ನಿರ್ದೇಶಕರೇ ಬೇರೆ ದಾರಿ ಹಿಡಿದರು. 1971ರ ಕಸ್ತೂರಿ ನಿವಾಸ ಇದೇ ದೊರೈ–ಭಗವಾನ್ ಅವರದು. ಶಿವಾಜಿ ಗಣೇಶನ್ ಅದನ್ನೇ ಮುಂದೆ ತಮಿಳಿನಲ್ಲಿ ಅವನ್‌ದಾನ್ ಮನಿದನ್ ಎಂದು ಮಾಡಿದರು. ಕೊಟ್ಟೇ ಬಡವಾಗುವ ಆ ಯಜಮಾನನ ಪಾತ್ರ ಕೊಟ್ಟ ಜಯ ಎಷ್ಟು ದೊಡ್ಡದೆಂದರೆ, ಈ ಜೋಡಿ ಆಮೇಲೆ ಎರಡು ಕನಸು (1974), ಗಿರಿಕನ್ಯೆ (1977) ಹೀಗೆ ಕುಟುಂಬ, ಕಾದಂಬರಿಗಳ ಕಡೆಗೇ ವಾಲಿತು.

ಎರಡನೆಯದು, ನಮ್ಮ ದೃಷ್ಟಿಯಲ್ಲಿ ಹೆಚ್ಚು ತೂಕದ್ದು, 1972ರ ಬಂಗಾರದ ಮನುಷ್ಯ. ಅಲ್ಲಿಂದ ರಾಜ್‌ಕುಮಾರ್ ತೆರೆಯ ಮೇಲೆ ಒಬ್ಬ ನಟ ಮಾತ್ರವಾಗಿ ಉಳಿಯಲಿಲ್ಲ, ಮನೆಯ ಹಿರಿಯಣ್ಣನಾದರು. ‘ಅಣ್ಣಾವ್ರು ಹೀಗೆ ಮಾಡ್ತಾರಾ?’ ಎಂಬ ಪ್ರಶ್ನೆ ಪ್ರತಿ ಪಾತ್ರದ ಮುಂದೆಯೂ ಬಂದು ನಿಂತಿತು. ಬಾಂಡ್ ಮಾದರಿಯ ನಾಯಕನಿಗೆ ಕ್ಲಬ್ಬು, ಮದ್ಯ, ಊರಿಗೊಬ್ಬ ಗೆಳತಿ, ಕಣ್ಣು ಮಿಟುಕಿಸದೆ ಗುಂಡು ಹಾರಿಸುವ ಕೈ ಬೇಕು. ಹಿರಿಯಣ್ಣನಿಗೆ ಇವೆಲ್ಲ ಹೊಂದುವುದಿಲ್ಲ. 1968ರಲ್ಲಿ ಆ ಭಾರ ಹೆಗಲ ಮೇಲೆ ಇರಲಿಲ್ಲ, ಆದ್ದರಿಂದಲೇ ಜೇಡರ ಬಲೆಯಲ್ಲಿ ಅವರ ಓಡಾಟ ಅಷ್ಟು ಹಗುರ. 1978ರ ಹೊತ್ತಿಗೆ ಮಯೂರ, ಬಭ್ರುವಾಹನ, ಸನಾದಿ ಅಪ್ಪಣ್ಣ ಬಂದಾಗಿತ್ತು. ಮತ್ತೆ 999 ಆಗಿ ಬಂದಾಗ ಅದು ಹಬ್ಬದ ದಿನ ಹಳೇ ವೇಷ ತೊಟ್ಟ ಹಾಗಿತ್ತು, ಸೊಗಸಾಗಿತ್ತು, ಆದರೆ ಮುಂದುವರಿಸುವಂಥದ್ದಲ್ಲ. ‘ರಾಜ್ ಒಂದು ಚಿತ್ರದಲ್ಲೂ ಗ್ಲಾಸು ಹಿಡಿದಿಲ್ಲ, ಸಿಗರೇಟು ಮುಟ್ಟಿಲ್ಲ’ ಎಂಬ ನಿಮ್ಮ ಸಾಲನ್ನು ಮಾತ್ರ ಮೃದು ಮಾಡಿ. 200ಕ್ಕೂ ಹೆಚ್ಚು ಚಿತ್ರಗಳನ್ನು ಒಂದೊಂದಾಗಿ ನೋಡಿದವರು ಮಾತ್ರ ‘ಒಂದರಲ್ಲೂ’ ಎನ್ನಬಹುದು. ‘ದುಶ್ಚಟಗಳನ್ನು ಮೆರೆಸುವ ಪಾತ್ರಗಳಿಂದ ದೂರವಿದ್ದರು’ ಎಂದರೆ ಸಾಕು.

ಉಳಿದ ಬದುಕನ್ನು ಚುಟುಕಾಗಿ ಹೇಳಿ, ಅದು ಎಲ್ಲ ಪುಸ್ತಕದಲ್ಲೂ ಇದೆ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1982ರ ಗೋಕಾಕ್ ಚಳವಳಿ, 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ, 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ನಿಧನ. ಇವುಗಳಲ್ಲಿ ಬಿಟ್ಟುಹೋಗುವುದು ಒಂದು: 1992ರ ಜೀವನ ಚೈತ್ರದ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಅದರ ನಿರ್ದೇಶಕರೂ ದೊರೈ–ಭಗವಾನ್. ಜೇಡರ ಬಲೆಯಿಂದ 24 ವರ್ಷ ಆ ನಂಟು ಬಾಳಿತ್ತು. 2000ದ ಜುಲೈ 30ರಂದು ಗಾಜನೂರಿನ ಮನೆಯಿಂದ ವೀರಪ್ಪನ್ ಅಪಹರಿಸಿದ್ದು, 108 ದಿನಗಳ ಮೇಲೆ ನವೆಂಬರ್ 15ರಂದು ಬಿಡುಗಡೆ, ಇದನ್ನು ಬಿಡಲಾಗದು. ಆದರೆ ಒಂದೇ ನಿಮಿಷದಲ್ಲಿ ಮುಗಿಸಿ. ನಿಮ್ಮ ಕಡೆ ಸಭೆಯಲ್ಲಿ ಈ ಮಾತು ಎತ್ತಿದರೆ ಹಿರಿಯರೆಲ್ಲ ತಮಗೆ ಗೊತ್ತಿದ್ದನ್ನು ಹೇಳಲು ಶುರುಮಾಡುತ್ತಾರೆ, ಸಿಐಡಿ 999 ಅಲ್ಲಿಗೆ ಕಾಡು ಸೇರುತ್ತಾನೆ.

15 ನಿಮಿಷವನ್ನು ಹೀಗೆ ಹಂಚಿಕೊಳ್ಳಬಹುದು: ಊರು ಮತ್ತು ಕಂಪನಿಗೆ ಮೂರು, 1954ರಿಂದ 1968ಕ್ಕೆ ಎರಡು, 1968 ಮತ್ತು ನಾಲ್ಕು ಚಿತ್ರಗಳಿಗೆ ಆರು, ಬಿಟ್ಟದ್ದೇಕೆ ಎಂಬುದಕ್ಕೆ ಮೂರು, ಉಳಿದದ್ದಕ್ಕೆ ಒಂದು. ಬರೆದದ್ದನ್ನು ಓದುವ ಮಗು ನಿಮಿಷಕ್ಕೆ ಸುಮಾರು 80–90 ಕನ್ನಡ ಪದ ಓದಬಲ್ಲದು. ನಿಮ್ಮ ಎರಡು ಪುಟ ತಿದ್ದಿದ ಮೇಲೆ 1,200 ಪದ ಮೀರದಿದ್ದರೆ ಸಮಯಕ್ಕೆ ಸರಿಹೋಗುತ್ತದೆ.

ಭಿತ್ತಿಪತ್ರಿಕೆಗೆ ಚಿತ್ರಗಳನ್ನು ಆಯುವಾಗ ಒಂದು ಪರೀಕ್ಷೆ. ಜೇಡರ ಬಲೆಯ ಪೋಸ್ಟರ್ ಎಂದು ಸಿಕ್ಕಿದ್ದರ ಮೇಲೆ ‘ಡಾ. ರಾಜ್‌ಕುಮಾರ್’ ಎಂದಿದ್ದರೆ ಅದು 1968ರದ್ದಲ್ಲ. ಡಾಕ್ಟರೇಟ್ ಬಂದದ್ದು 1976ರಲ್ಲಿ, ಆದ್ದರಿಂದ ಅದು ಮರುಬಿಡುಗಡೆಯದ್ದೋ ವಿಡಿಯೊ ಕಂಪನಿಯದ್ದೋ ಆಗಿರಬೇಕು. ಮೊದಲ ಮೂರು ಚಿತ್ರಗಳ ದೃಶ್ಯ ಬಣ್ಣದಲ್ಲಿ ಕಂಡರೆ ಅದು ಕಂಪ್ಯೂಟರಿನಲ್ಲಿ ಹಚ್ಚಿದ ಬಣ್ಣ. ಪೋಸ್ಟರುಗಳು ಮಾತ್ರ ಆಗಲೂ ಬಣ್ಣದವೇ, ಕೈಯಲ್ಲಿ ಬರೆದು ಅಚ್ಚು ಹಾಕಿದವು. ಈ ಎರಡು ಸುಳಿವು ಕೊಟ್ಟು ಮಕ್ಕಳನ್ನೇ ಹುಡುಕಲು ಬಿಡಿ, ಪತ್ತೇದಾರಿ ಕೆಲಸ ಅವರಿಗೂ ಸಿಗಲಿ.

ಪ್ರದರ್ಶನಕ್ಕೆ ಯಾವುದು? ಜೇಡರ ಬಲೆ. ಡೈಮಂಡ್ ರಾಕೆಟ್ ಬಣ್ಣದ್ದು, ಹಾಡು ಗೊತ್ತಿರುವುದರಿಂದ ಮಕ್ಕಳು ಅದನ್ನೇ ಕೇಳುತ್ತಾರೆ, ಆದರೆ ಈ ಕಥೆ ಶುರುವಾದ ಕಡೆಯಿಂದ ನೋಡಿದರೆ ಲಾಭ ಹೆಚ್ಚು. ಪೂರ್ತಿ ಚಿತ್ರಕ್ಕೆ ಚಿಕ್ಕ ಮಕ್ಕಳು ಕೂರುವುದಿಲ್ಲ. ಮೊದಲ 30 ನಿಮಿಷ ತೋರಿಸಿ ನಿಲ್ಲಿಸಿ, ಐದು ನಿಮಿಷ ಮಾತಾಡಿ, ಆಮೇಲೆ ಕೊನೆಯ 30 ನಿಮಿಷ ತೋರಿಸಿ. ಖಳನ ಅಡ್ಡೆಯ ದುಂಡು ಡಯಲುಗಳು, ಕೀಲುಗಳು, ಮಿನುಗುವ ದೀಪಗಳನ್ನು ಕಂಡು ನಗುತ್ತಾರೆ. ಕಪ್ಪು–ಬಿಳುಪಿನಲ್ಲಿ ಕೆಂಪು ದೀಪವೂ ಹಸಿರು ದೀಪವೂ ಒಂದೇ ಬೂದು, ಹಾಗಾಗಿ ಅಪಾಯ ಎಂದು ತೋರಿಸಲು ದೀಪ ಮಿನುಗಲೇಬೇಕು, ಯಂತ್ರದ ಆಕಾರ ದೊಡ್ಡದಾಗಿರಲೇಬೇಕು. ಇದನ್ನು ಮೊದಲೇ ಹೇಳಿದರೆ ನಗು ಕುತೂಹಲವಾಗುತ್ತದೆ. ಟಿವಿ ಅಥವಾ ಪ್ರೊಜೆಕ್ಟರಿನ ಸೆಟ್ಟಿಂಗನ್ನು 4:3ಕ್ಕೆ ಇಡಿ. ಹಾಗೇ ಬಿಟ್ಟರೆ ಈಗಿನ ಅಗಲ ಪರದೆ ಚಿತ್ರವನ್ನು ಅಡ್ಡಕ್ಕೆ ಎಳೆದು ರಾಜ್‌ಕುಮಾರ್ ಅವರನ್ನೂ ಜಯಂತಿಯವರನ್ನೂ ದಪ್ಪ ಮಾಡಿಬಿಡುತ್ತದೆ. ಎರಡೂ ಪಕ್ಕ ಕಪ್ಪು ಪಟ್ಟಿ ಕಾಣುವುದೇ ಸರಿಯಾದ ಲಕ್ಷಣ. ಹಳೇ ಪ್ರತಿಗಳ ಧ್ವನಿ ಗರಗರ ಎನ್ನುತ್ತದೆ. ಸ್ಪೀಕರಿನ ಟ್ರೆಬಲ್ ಇಳಿಸಿದರೆ ಮಾತು ತಿಳಿಯುತ್ತದೆ, ವಾಲ್ಯೂಮ್ ಏರಿಸಿದರೆ ಗರಗರವೇ ಏರುತ್ತದೆ.

ಹಕ್ಕಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುವುದು ಒಳ್ಳೆಯದು. ಯೂಟ್ಯೂಬಿನಲ್ಲಿ ಇದೆ ಎಂದ ಮಾತ್ರಕ್ಕೆ ಸಭೆಯಲ್ಲಿ ಹಾಕುವ ಹಕ್ಕು ಬರುವುದಿಲ್ಲ. ಭಾರತದಲ್ಲಿ ಸಿನಿಮಾದ ಕೃತಿಸ್ವಾಮ್ಯ ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ. ಜೇಡರ ಬಲೆಗೂ ಗೋವಾಕ್ಕೂ ಅದು 2028ರ ಕೊನೆಯವರೆಗೆ, ಜಾಕ್‌ಪಾಟ್‌ಗೆ 2029ರವರೆಗೆ, ಡೈಮಂಡ್ ರಾಕೆಟ್‌ಗೆ 2038ರವರೆಗೆ. ಶಾಲೆಗಳಿಗೆ 1957ರ ಕಾಯ್ದೆಯ 52ನೇ ಸೆಕ್ಷನ್ ಒಂದು ವಿನಾಯಿತಿ ಕೊಟ್ಟಿದೆ: ಶಾಲೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ–ತಾಯಿ ಅಥವಾ ಪೋಷಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟೇ ಜನ ಪ್ರೇಕ್ಷಕರಾಗಿದ್ದರೆ ಚಿತ್ರ ತೋರಿಸಬಹುದು. ಹಾಗಾಗಿ ನೀವು ಅಂದುಕೊಂಡಂತೆ ಶಾಲೆಯ ಮೈದಾನದಲ್ಲಿ ಪರದೆ ಕಟ್ಟಿ ಇಡೀ ಊರನ್ನು ಕರೆಯುವುದಾದರೆ ಹಕ್ಕುದಾರರ ಅನುಮತಿ ಪತ್ರ ಬೇಕು, ತಹಶೀಲ್ದಾರ್ ಕಚೇರಿಯಲ್ಲೂ ಒಮ್ಮೆ ಕೇಳಿಕೊಳ್ಳಬೇಕು. ಸಭಾಂಗಣದೊಳಗೆ, ಹಗಲು ಹೊತ್ತು, ಮಕ್ಕಳು ಮತ್ತು ಮನೆಯವರಿಗಷ್ಟೇ ಇಟ್ಟುಕೊಂಡರೆ ಈ ತಾಪತ್ರಯವಿಲ್ಲ. ಕಿಟಕಿಗಳಿಗೆ ಕಪ್ಪು ಬಟ್ಟೆ ಮಾತ್ರ ಮರೆಯಬೇಡಿ. ಈ ಚಿತ್ರದ ಅರ್ಧ ಕಥೆ ರಾತ್ರಿಯಲ್ಲಿ ನಡೆಯುತ್ತದೆ, ಬಿಸಿಲು ಒಳಗೆ ಬಂದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.